ಪುಟ್ಟ ಕಡತ, ಬೆಟ್ಟದಷ್ಟು ಕೆಲಸ: ದಾಖಲೆ ಓದುವ ಲೈಬ್ರರಿಗಳಲ್ಲಿನ ಸೇವಾ ನಿರಾಕರಣೆ ದೋಷಗಳನ್ನು ಎದುರಿಸುವ ಮಾರ್ಗದರ್ಶಿ

ಪಿಡಿಎಫ್‌ನ ಒಳಭಾಷೆಯಲ್ಲಿ ಶೇಕಡಾ ಚಿಹ್ನೆ ಬಂತೆಂದರೆ ಅಲ್ಲಿಂದ ಸಾಲು ಮುಗಿಯುವವರೆಗೆ ಬರೀ ಟಿಪ್ಪಣಿ; ಓದುವ ತಂತ್ರಾಂಶ ಅದನ್ನು ದಾಟಿಕೊಂಡು ಮುಂದೆ ಹೋಗಬೇಕು. ಪೈಥಾನ್ ಬಳಸುವವರಿಗೆ ಚಿರಪರಿಚಿತವಾದ ಪೈಪಿಡಿಎಫ್ ಲೈಬ್ರರಿಯ 3.9.0ಕ್ಕೆ ಹಿಂದಿನ ಹಲವು ಆವೃತ್ತಿಗಳು ಈ ಕೆಲಸವನ್ನು ಸರಳವಾಗಿ ಮಾಡುತ್ತಿದ್ದವು: ಸಾಲಿನ ಕೊನೆಯನ್ನು ಸೂಚಿಸುವ ಅಕ್ಷರ ಸಿಗುವವರೆಗೆ ಒಂದೊಂದೇ ಅಕ್ಷರ ಓದುವುದು. ಆದರೆ ಟಿಪ್ಪಣಿಯ ನಡುವೆಯೇ ದತ್ತಾಂಶ ಮುಗಿದುಹೋದರೆ? ಓದಿದಾಗಲೆಲ್ಲ ಖಾಲಿ ಉತ್ತರ ಬರುತ್ತದೆ. ಖಾಲಿ ಎಂದರೆ ಸಾಲಿನ ಕೊನೆಯಲ್ಲ. ಹಾಗಾಗಿ ಮತ್ತೆ ಓದು, ಮತ್ತೆ ಖಾಲಿ, ಮತ್ತೆ ಓದು. ಸಿಪಿಯುವಿನ ಒಂದು ತಿರುಳು (ಕೋರ್) ನೂರಕ್ಕೆ ನೂರು ಓಡುತ್ತಾ ಅಲ್ಲೇ ನಿಂತುಬಿಡುತ್ತದೆ. ಹೀಗೆ ಯಂತ್ರ ಸಿಕ್ಕಿಬಿದ್ದು ಉಳಿದವರಿಗೆ ಸೇವೆ ಸಿಗದಂತಾಗುವುದೇ ಸೇವಾ ನಿರಾಕರಣೆ. ಬಹಿರಂಗ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2023-36464 ಎಂಬ ಸಂಖ್ಯೆ ಪಡೆದ ಈ ದೋಷದ ಪರಿಹಾರವೆಂದರೆ, ಖಾಲಿ ಉತ್ತರ ಬಂದರೂ ನಿಲ್ಲು ಎಂದು ಷರತ್ತಿಗೆ ಸೇರಿಸಿದ್ದು, ಅಷ್ಟೆ.

ಈ ಲೇಖನ ಬರೆಯಲು ಕಾರಣವಾದದ್ದು ಇಂಥದ್ದೇ ಒಂದು ಕಡತ. ನಾನು ನೋಡಿಕೊಳ್ಳುತ್ತಿದ್ದ ಒಂದು ಸೇವೆಯಲ್ಲಿ ಬಳಕೆದಾರರು ದಾಖಲೆಗಳನ್ನು ಏರಿಸುತ್ತಿದ್ದರು, ನಮ್ಮ ತಂತ್ರಾಂಶ ಅವುಗಳಿಂದ ಪಠ್ಯ ತೆಗೆಯುತ್ತಿತ್ತು. ಏರಿಸುವ ಕಡತ 20 ಎಂಬಿ ಮೀರಬಾರದು ಎಂಬ ನಿಯಮ ಹಾಕಿ ನಾವು ನಿಶ್ಚಿಂತರಾಗಿದ್ದೆವು. ಸೇವೆಯನ್ನು ಮಲಗಿಸಿದ ಕಡತ ಕೆಲವೇ ಕೆಬಿ ಇತ್ತು. ಅದನ್ನು ಕಳುಹಿಸಿದವರು ದಾಳಿಕೋರರೂ ಅಲ್ಲ. ಯಾವುದೋ ಹಳೆಯ ಸ್ಕ್ಯಾನರ್ ಅರ್ಧಕ್ಕೇ ನಿಲ್ಲಿಸಿದ ಪಿಡಿಎಫ್ ಅದು.

ಅಂದು ತಲೆಗೆ ಹೊಕ್ಕ ಮಾತು ಇದು: ಕಡತದ ಗಾತ್ರಕ್ಕೂ ಅದನ್ನು ಓದಲು ಹಿಡಿಯುವ ಕೆಲಸಕ್ಕೂ ನೇರ ಸಂಬಂಧವಿಲ್ಲ. ಮಿತಿ ಹಾಕಬೇಕಾದದ್ದು ಕೆಲಸಕ್ಕೆ. ಮುಂದಿನ ಹಂತಗಳೆಲ್ಲವೂ ಈ ಒಂದು ಮಾತಿನ ವಿಸ್ತರಣೆ. ಬಳಕೆದಾರರಿಂದ ಪಿಡಿಎಫ್, ವರ್ಡ್, ಎಕ್ಸೆಲ್, ಎಕ್ಸ್‌ಎಂಎಲ್, ಯಾಮಲ್, ಮಾರ್ಕ್‌ಡೌನ್ ಯಾವುದನ್ನಾದರೂ ಪಡೆದು ಮುಕ್ತ ತಂತ್ರಾಂಶದ ಲೈಬ್ರರಿಯ ಮೂಲಕ ಓದುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಶತ್ರುವಿನ ಪರಿಚಯ

ದೋಷಗಳು ಸಾವಿರ, ಆದರೆ ಅವುಗಳ ಜಾತಿಗಳು ಬೆರಳೆಣಿಕೆಯವು. ಮೇಲೆ ಹೇಳಿದ್ದು ಕೊನೆಯಿಲ್ಲದ ಸುತ್ತು. ಪಿಡಿಎಫ್‌ನಲ್ಲಿ ಇದಕ್ಕೆ ಅವಕಾಶ ಹೇರಳ. ಆ ರೂಪದಲ್ಲಿ ಒಂದು ವಸ್ತು ಇನ್ನೊಂದನ್ನು ಸಂಖ್ಯೆಯಿಂದ ತೋರಿಸುತ್ತದೆ. ಪುಟಗಳ ಮರದಲ್ಲಿ ಮಗು ತನ್ನ ತಾಯಿಯನ್ನೇ ಮಗು ಎಂದು ತೋರಿಸಬಹುದು. ಹಿಂದಿನ ವಸ್ತುಸೂಚಿ ಎಲ್ಲಿದೆ ಎಂದು ಹೇಳುವ ಕೊಂಡಿ ತನ್ನತ್ತಲೇ ಬೆರಳು ಮಾಡಬಹುದು. ನೋಡಿ ಬಂದ ವಸ್ತುಗಳ ಪಟ್ಟಿ ಇಟ್ಟುಕೊಳ್ಳದ ಪಾರ್ಸರ್ (ಕಡತ ಓದಿ ಅರ್ಥ ಬಿಡಿಸುವ ಕೋಡ್) ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಎರಡನೆಯದು ಹಿಗ್ಗುವಿಕೆ. ಇದರ ಹಳೆಯ, ಪ್ರಸಿದ್ಧ ಉದಾಹರಣೆ ಬಿಲಿಯನ್ ಲಾಫ್ಸ್. ಎಕ್ಸ್‌ಎಂಎಲ್‌ನಲ್ಲಿ ಒಂದು ಹೆಸರಿಗೆ ಒಂದು ಪಠ್ಯವನ್ನು ಕಟ್ಟಿಡಬಹುದು. ಹೆಸರು ಬಂದಲ್ಲೆಲ್ಲ ಪಾರ್ಸರ್ ಆ ಪಠ್ಯವನ್ನು ತುಂಬುತ್ತದೆ. ಮೊದಲ ಹೆಸರಿಗೆ ಲೋಲ್ ಎಂಬ ಮೂರಕ್ಷರದ ನಗು. ಎರಡನೆಯದರಲ್ಲಿ ಮೊದಲನೆಯದು ಹತ್ತು ಸಲ, ಮೂರನೆಯದರಲ್ಲಿ ಎರಡನೆಯದು ಹತ್ತು ಸಲ. ಹೀಗೆ ಒಂಬತ್ತು ಮೆಟ್ಟಿಲು ಹತ್ತಿದರೆ ನೂರು ಕೋಟಿ ನಗು, ಸುಮಾರು 3 ಜಿಬಿ ಮೆಮೊರಿ. ಕಡತ ಮಾತ್ರ ಒಂದು ಕೆಬಿಯ ಆಸುಪಾಸಿನದು. ಮೆಟ್ಟಿಲು ಕಟ್ಟದೆಯೂ ಇದನ್ನು ಸಾಧಿಸಬಹುದು: ಒಂದೇ ಹೆಸರಿಗೆ ಒಂದು ಲಕ್ಷ ಅಕ್ಷರಗಳ ಪಠ್ಯ ಕಟ್ಟಿ, ಅದನ್ನು ಒಂದು ಲಕ್ಷ ಸಲ ಕರೆದರೆ ಸಾಕು. ಮೆಟ್ಟಿಲುಗಳನ್ನು ಮಾತ್ರ ಎಣಿಸಿ ತಡೆಯುವ ಪಾರ್ಸರ್‌ಗೆ ಇದು ಕಾಣುವುದೇ ಇಲ್ಲ. ಯಾಮಲ್‌ನಲ್ಲಿ ಒಂದು ಭಾಗಕ್ಕೆ ಹೆಸರಿಡುವ ಆಂಕರ್ ಮತ್ತು ಆ ಹೆಸರಿನಿಂದ ಅದನ್ನು ಮತ್ತೆ ಕರೆಯುವ ಅಲಿಯಾಸ್‌ಗಳಿಂದಲೂ ಇದೇ ಆಟ ಆಡಬಹುದು.

ಸಂಕುಚಿತ ಕಡತಗಳೂ ಇದೇ ಜಾತಿಗೆ ಸೇರುತ್ತವೆ. ವರ್ಡ್ ಮತ್ತು ಎಕ್ಸೆಲ್‌ನ ಈಗಿನ ಕಡತಗಳು ಒಳಗೆ ಬರೀ ಜಿಪ್ ಎಂಬುದು ಅನೇಕರಿಗೆ ಮರೆತೇಹೋಗಿರುತ್ತದೆ. ಜಿಪ್ ಬಳಸುವ ಡಿಫ್ಲೇಟ್ ವಿಧಾನ ಒಂದು ಬೈಟನ್ನು ಹೆಚ್ಚೆಂದರೆ 1032 ಬೈಟಿನವರೆಗೆ ಹಿಗ್ಗಿಸಬಲ್ಲದು. ಅಂದರೆ 10 ಎಂಬಿಯ ಕಡತದಿಂದ 10 ಜಿಬಿ. 42 ಕೆಬಿಯ ಹೆಸರಾಂತ 42.ಜಿಪ್ ಈ ಮಿತಿಯನ್ನು ದಾಟಲು ಜಿಪ್‌ನೊಳಗೆ ಜಿಪ್ ಇಟ್ಟು 4.5 ಪೆಟಾಬೈಟ್ ತಲುಪುತ್ತಿತ್ತು. ಒಳಗಿನದನ್ನು ಬಿಚ್ಚದಿದ್ದರೆ ಅಪಾಯವಿರಲಿಲ್ಲ. 2019ರಲ್ಲಿ ಡೇವಿಡ್ ಫೈಫೀಲ್ಡ್ ಆ ಸಮಾಧಾನವನ್ನೂ ಕಿತ್ತುಕೊಂಡರು. ಜಿಪ್‌ನೊಳಗಿನ ಹಲವು ಕಡತಗಳು ಒಂದೇ ಸಂಕುಚಿತ ತುಣುಕನ್ನು ಹಂಚಿಕೊಳ್ಳುವಂತೆ ಜೋಡಿಸಿ, 10 ಎಂಬಿಯಿಂದ ಒಂದೇ ಸುತ್ತಿನಲ್ಲಿ 281 ಟೆರಾಬೈಟ್ ಹೊರಡಿಸಿ ತೋರಿಸಿದರು.

ಮೂರನೆಯದು ಆಳ. ಆವರಣ ಚಿಹ್ನೆಯೊಳಗೆ ಆವರಣ ಚಿಹ್ನೆ, ಒಂದು ಲಕ್ಷ ಸಲ. ತನ್ನನ್ನೇ ಮತ್ತೆ ಕರೆದುಕೊಳ್ಳುತ್ತಾ ಒಳಗಿಳಿಯುವ ಪಾರ್ಸರ್‌ನ ಸ್ಟ್ಯಾಕ್ (ಕರೆಗಳ ಲೆಕ್ಕ ಇಡುವ ಮೆಮೊರಿ) ತುಂಬಿ ಹರಿಯುತ್ತದೆ. ಸಿ ಭಾಷೆಯಲ್ಲಾದರೆ ಇಡೀ ಪ್ರೊಸೆಸ್ ಅಲ್ಲೇ ಸಾಯುತ್ತದೆ. ಜಾವಾದಲ್ಲಿ ಇನ್ನೊಂದು ತಮಾಷೆ: ಸ್ಟ್ಯಾಕ್‌ಓವರ್‌ಫ್ಲೋಎರರ್ ಎಂಬುದು ಎಕ್ಸೆಪ್ಶನ್ ಅಲ್ಲ, ಎರರ್. ಎಕ್ಸೆಪ್ಶನ್‌ಗಳನ್ನೆಲ್ಲ ಹಿಡಿಯುತ್ತೇನೆ ಎಂದು ಬಲೆ ಹಾಕಿ ಕುಳಿತ ನಿಮ್ಮ ಕೋಡಿನ ಪಕ್ಕದಲ್ಲೇ ಅದು ಜಾರಿಹೋಗುತ್ತದೆ.

ನಾಲ್ಕನೆಯದು ವರ್ಗದ ಲೆಕ್ಕ: ಕಡತ ಎರಡರಷ್ಟಾದರೆ ಸಮಯ ನಾಲ್ಕರಷ್ಟು. ಇದೇ ಅತ್ಯಂತ ಮೋಸದ್ದು, ಏಕೆಂದರೆ ಪರೀಕ್ಷೆಯ ಪುಟ್ಟ ಕಡತಗಳಲ್ಲಿ ಇದರ ಸುಳಿವೇ ಸಿಗುವುದಿಲ್ಲ. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ ತಾಣ 34 ನಿಮಿಷ ಬಿದ್ದಿತು. ಸಾಲಿನ ಕೊನೆಯ ಖಾಲಿ ಜಾಗ ಕತ್ತರಿಸುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ), ನಡುವೆ ಸುಮಾರು 20,000 ಖಾಲಿ ಅಕ್ಷರಗಳಿದ್ದ ಒಂದು ಸಾಲು. ಮೊದಲ ಅಕ್ಷರದಿಂದ ಒಮ್ಮೆ, ಎರಡನೆಯದರಿಂದ ಇನ್ನೊಮ್ಮೆ ಎನ್ನುತ್ತಾ ಒಟ್ಟು 20 ಕೋಟಿಯಷ್ಟು ಹೋಲಿಕೆ. ಎಕ್ಸ್‌ಎಂಎಲ್ ಓದುವ ಎಕ್ಸ್‌ಪ್ಯಾಟ್‌ನಲ್ಲೂ ಇದೇ ಗುಣದ ದೋಷವಿತ್ತು: ಒಂದು ದೊಡ್ಡ ತುಣುಕು ಚೂರುಚೂರಾಗಿ ಬಂದರೆ, ಪ್ರತಿ ಚೂರು ಬಂದಾಗಲೂ ಅದು ತುಣುಕನ್ನು ಮೊದಲಿಂದ ಓದಲು ತೊಡಗುತ್ತಿತ್ತು. 2024ರಲ್ಲಿ ಬಂದ 2.6.0 ಆವೃತ್ತಿ ಅದನ್ನು ಸರಿಪಡಿಸಿತು.

ಹಂತ 1: ಮನೆಯಲ್ಲಿ ಎಷ್ಟು ಪಾರ್ಸರ್‌ಗಳಿವೆ ಎಂದು ಎಣಿಸಿ

ನಾವು ಒಂದೇ ಒಂದು ಲೈಬ್ರರಿ ಬಳಸುತ್ತೇವೆ ಎನ್ನುವವರನ್ನು ನಂಬಬೇಡಿ. ಹಲವು ಬಗೆಯ ಕಡತಗಳಿಂದ ಪಠ್ಯ ತೆಗೆಯುವ ಅಪಾಚೆ ಟಿಕಾವನ್ನು ಸೇರಿಸಿಕೊಂಡರೆ ಅದರ ಬೆನ್ನಿಗೆ ಪಿಡಿಎಫ್‌ಬಾಕ್ಸ್, ಪಿಒಐ, ಹತ್ತಾರು ಸಂಕುಚನ ಲೈಬ್ರರಿಗಳು ಬರುತ್ತವೆ. ವರ್ಡ್ ಕಡತ ಓದುವುದೆಂದರೆ ಜಿಪ್ ಓದುವುದು, ಎಕ್ಸ್‌ಎಂಎಲ್ ಓದುವುದು, ಒಳಗಿನ ಚಿತ್ರದ ಕಿರುರೂಪ ಮಾಡುವುದಾದರೆ ಚಿತ್ರವನ್ನೂ ಓದುವುದು.

ಎರಡು ಪಟ್ಟಿ ಮಾಡಿ. ಮೊದಲನೆಯದು ಅವಲಂಬನೆಗಳದ್ದು, ಇದನ್ನು ನಿಮ್ಮ ಪ್ಯಾಕೇಜ್ ನಿರ್ವಾಹಕವೇ ಮರದ ರೂಪದಲ್ಲಿ ಕೊಡುತ್ತದೆ, ಓಎಸ್‌ವಿ-ಸ್ಕ್ಯಾನರ್‌ನಂಥ ಸಾಧನ ಅದನ್ನು ತಿಳಿದಿರುವ ದೋಷಗಳೊಂದಿಗೆ ತಾಳೆ ನೋಡುತ್ತದೆ. ಆದರೆ ಎಕ್ಸ್‌ಪ್ಯಾಟ್‌ನಂಥ ಸಿ ಲೈಬ್ರರಿಗಳ ಪ್ರತಿಯನ್ನು ಅನೇಕ ಯೋಜನೆಗಳು ತಮ್ಮ ಕೋಡಿನೊಳಗೇ ನಕಲು ಮಾಡಿ ಇಟ್ಟುಕೊಂಡಿರುತ್ತವೆ. ಅವು ಪಟ್ಟಿಯಲ್ಲಿ ಕಾಣುವುದಿಲ್ಲ. ವ್ಯವಸ್ಥೆಯ ಎಕ್ಸ್‌ಪ್ಯಾಟನ್ನು ನೀವು ನವೀಕರಿಸಿದರೂ ಒಳಗಿನ ಹಳೆಯ ನಕಲು ಹಾಗೆಯೇ ಉಳಿಯುತ್ತದೆ.

ಎರಡನೆಯ ಪಟ್ಟಿ ಹೆಚ್ಚು ಮುಖ್ಯ: ಹೊರಗಿನವರ ಬೈಟುಗಳು ಯಾವ ಬಾಗಿಲಿನಿಂದ ಬಂದು ಯಾವ ಪಾರ್ಸರನ್ನು ಮುಟ್ಟುತ್ತವೆ? ಅಪ್‌ಲೋಡ್ ಪುಟ ಎಲ್ಲರಿಗೂ ನೆನಪಿರುತ್ತದೆ. ಇಮೇಲ್ ಲಗತ್ತು, ಹುಡುಕಾಟದ ಸೂಚಿ ಕಟ್ಟುವ ರಾತ್ರಿಯ ಕೆಲಸ, ಹಿಂದಿನ ದಾಖಲೆಗಳನ್ನು ಮರು ಓದುವ ಸ್ಥಳಾಂತರದ ಸ್ಕ್ರಿಪ್ಟ್ ಇವು ಮರೆತುಹೋಗುತ್ತವೆ.

ಹಂತ 2: ಸಾಧುವಾದ ಕಡತ ಎಷ್ಟು ಉಣ್ಣುತ್ತದೆ ಎಂದು ಅಳೆಯಿರಿ

ಅಳತೆಯಿಲ್ಲದೆ ಹಾಕಿದ ಮಿತಿ ಒಂದೋ ಸಡಿಲವಾಗುತ್ತದೆ, ಇಲ್ಲವೇ ನಿಜವಾದ ಬಳಕೆದಾರರ ಕತ್ತು ಹಿಸುಕುತ್ತದೆ. ನಿಮ್ಮಲ್ಲಿಗೆ ಬಂದ ಸಾಚಾ ಕಡತಗಳಲ್ಲಿ ಕೆಲವು ನೂರನ್ನು ಆರಿಸಿ, ಪ್ರತಿಯೊಂದಕ್ಕೂ ನಾಲ್ಕು ಅಂಕಿ ಬರೆದುಕೊಳ್ಳಿ: ಸಿಪಿಯು ಸಮಯ, ಗರಿಷ್ಠ ಮೆಮೊರಿ, ಬಿಚ್ಚಿದ ಮೇಲಿನ ಗಾತ್ರ, ಹೊರಬಂದ ಪಠ್ಯದ ಗಾತ್ರ. ಲಿನಕ್ಸ್‌ನಲ್ಲಿ ಟೈಮ್ ಎಂಬ ಸ್ವತಂತ್ರ ಆದೇಶವನ್ನು ವಿವರವಾಗಿ ಹೇಳು ಎಂಬ ಆಯ್ಕೆಯೊಂದಿಗೆ ಓಡಿಸಿದರೆ ಮೊದಲೆರಡು ಸಿಗುತ್ತವೆ. ಶೆಲ್‌ನೊಳಗೇ ಇರುವ ಅದೇ ಹೆಸರಿನ ಆದೇಶ ಗರಿಷ್ಠ ಮೆಮೊರಿ ತೋರಿಸುವುದಿಲ್ಲ, ಗಮನಿಸಿ.

ಅತಿ ಭಾರದ ಸಾಚಾ ಕಡತದ ಮೂರು ನಾಲ್ಕು ಪಟ್ಟನ್ನು ಮಿತಿಯಾಗಿ ಇಡುವುದು ನನ್ನ ರೂಢಿ. ಇದಕ್ಕೆ ಶಾಸ್ತ್ರವಿಲ್ಲ. ಸರಾಸರಿಯ ಮೇಲೆ ಮಾತ್ರ ಮಿತಿ ಕಟ್ಟಬೇಡಿ. ದಾಖಲೆಗಳ ಲೋಕದಲ್ಲಿ ಸರಾಸರಿ ಕಡತವೇ ಇರುವುದಿಲ್ಲ. ಎರಡು ಪುಟದ ಪತ್ರ ಒಂದೆಡೆ, ಎರಡು ಲಕ್ಷ ಸಾಲಿನ ಲೆಕ್ಕದ ಹಾಳೆ ಇನ್ನೊಂದೆಡೆ.

ಹಂತ 3: ಲೈಬ್ರರಿಯೊಳಗಿನ ಮಿತಿಗಳನ್ನು ಹುಡುಕಿ

ಈಚಿನ ವರ್ಷಗಳಲ್ಲಿ ಹೆಚ್ಚಿನ ಲೈಬ್ರರಿಗಳು ತಾವೇ ಮಿತಿಗಳನ್ನು ತಂದಿವೆ. ಎಷ್ಟೋ ಸಲ ಆವೃತ್ತಿ ಏರಿಸಿದರೆ ಅರ್ಧ ಕೆಲಸ ಮುಗಿಯಿತು.

ಎಕ್ಸ್‌ಪ್ಯಾಟ್ 2021ರ 2.4.0 ಆವೃತ್ತಿಯಿಂದ ಹಿಗ್ಗುವಿಕೆಯನ್ನು ಲೆಕ್ಕ ಹಾಕುತ್ತದೆ: ಒಟ್ಟು 8 ಎಂಬಿ ದಾಟಿದ ಮೇಲೆ, ಬಂದದ್ದಕ್ಕಿಂತ ಹೊರಟದ್ದು 100 ಪಟ್ಟು ಮೀರಿದರೆ ನಿಲ್ಲುತ್ತದೆ. ನನಗೆ ಬಹಳ ಹಿಡಿಸಿದ ವಿನ್ಯಾಸ ಇದು. ಮೆಟ್ಟಿಲನ್ನೋ ಹೆಸರುಗಳನ್ನೋ ಎಣಿಸದೆ ನೇರವಾಗಿ ಅನುಪಾತವನ್ನೇ ನೋಡುವುದರಿಂದ ಮೇಲೆ ಹೇಳಿದ ಎರಡೂ ಬಗೆಯ ದಾಳಿ ಒಂದೇ ಬಲೆಗೆ ಬೀಳುತ್ತವೆ. ಜಾವಾದ ಜಾಕ್ಸನ್ 2.15ರಿಂದ ಜೇಸನ್‌ನ ಆಳವನ್ನು 1000ಕ್ಕೆ, ಸಂಖ್ಯೆಯ ಉದ್ದವನ್ನು 1000 ಅಂಕಿಗೆ ಕಟ್ಟಿಹಾಕಿದೆ. ಸ್ನೇಕ್‌ಯಾಮಲ್ 1.26ರಿಂದ ಅಲಿಯಾಸ್‌ಗಳಿಗೆ, 1.31ರಿಂದ ಆಳಕ್ಕೆ ಮಿತಿ ತಂದಿದೆ. ಎರಡರ ಡೀಫಾಲ್ಟ್ ಕೂಡ 50. ಪೈಥಾನ್‌ನ ಪಿಲ್ಲೋ ಸುಮಾರು 8.9 ಕೋಟಿ ಪಿಕ್ಸೆಲ್ ದಾಟಿದ ಚಿತ್ರಕ್ಕೆ ಎಚ್ಚರಿಕೆಯನ್ನಷ್ಟೇ ಕೊಡುತ್ತದೆ, ದೋಷವೆಂದು ನಿಲ್ಲಿಸುವುದು ಅದರ ಎರಡು ಪಟ್ಟು ದಾಟಿದಾಗ. ಎಚ್ಚರಿಕೆಯನ್ನೇ ದೋಷವಾಗಿ ಪರಿಗಣಿಸುವಂತೆ ಬದಲಿಸಿಕೊಳ್ಳುವುದು ಒಳ್ಳೆಯದು. ಲಾಗ್‌ನಲ್ಲಿ ಬಿದ್ದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಎಕ್ಸ್‌ಎಂಎಲ್ ವಿಷಯದಲ್ಲಿ ನನ್ನ ಸಲಹೆ ಇನ್ನೂ ಒರಟು. ದಾಖಲೆಯೊಳಗೆ ಇಂಥ ಹೆಸರುಗಳನ್ನು ಕಟ್ಟಿಡುವ ಡಿಟಿಡಿ ಘೋಷಣೆ ಕಂಡರೆ ಓದುವುದನ್ನೇ ನಿರಾಕರಿಸಿ. ವರ್ಡ್, ಎಕ್ಸೆಲ್ ಕಡತಗಳಿಗೆ ಅದು ಬೇಕಾಗಿಯೇ ಇಲ್ಲ. ಪೈಥಾನ್‌ನಲ್ಲಿ ಡಿಫ್ಯೂಸ್ಡ್‌ಎಕ್ಸ್‌ಎಂಎಲ್ ಬಳಸಿದರೆ ಹೆಸರುಗಳ ಘೋಷಣೆಯನ್ನು ಅದು ತಾನೇ ತಡೆಯುತ್ತದೆ. ಇಡೀ ಡಿಟಿಡಿಯನ್ನು ತಡೆಯುವ ಆಯ್ಕೆಯನ್ನು ನೀವೇ ಕೊಡಬೇಕು.

ಇನ್ನು ಮಿತಿ ತೆಗೆಯುವವರ ಕಥೆ. ವರ್ಡ್, ಎಕ್ಸೆಲ್ ಕಡತ ಓದುವ ಅಪಾಚೆ ಪಿಒಐ ಜಿಪ್‌ನ ಅನುಪಾತ ನೋಡುತ್ತದೆ: ಬಿಚ್ಚಿದ್ದು ಸಂಕುಚಿತದ 100 ಪಟ್ಟು ಮೀರಿದರೆ ಜಿಪ್ ಬಾಂಬ್ ಎಂದು ಕೂಗುತ್ತದೆ. ಸಾವಿರಾರು ಖಾಲಿ ಕೋಶಗಳಿಗೆ ಬಣ್ಣ ಹಚ್ಚಿದ ಸಾಚಾ ಎಕ್ಸೆಲ್ ಹಾಳೆಯೂ ಒಮ್ಮೊಮ್ಮೆ ಈ ಮಿತಿಯನ್ನು ದಾಟುತ್ತದೆ. ಆಗ ಗಡಿಬಿಡಿಯಲ್ಲಿರುವ ಪ್ರೋಗ್ರಾಮರ್ ಅಂತರಜಾಲದಲ್ಲಿ ಹುಡುಕಿ, ಅನುಪಾತವನ್ನು ಸೊನ್ನೆ ಮಾಡು ಎಂಬ ಉತ್ತರ ಕಂಡು, ಹಾಗೆಯೇ ಮಾಡುತ್ತಾನೆ. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್‌ನಲ್ಲಿ ದೊಡ್ಡ ಮರಕ್ಕೆ ಅನುಮತಿ ಕೊಡುವ ಹ್ಯೂಜ್ ಟ್ರೀ ಆಯ್ಕೆಯ ಪಾಡೂ ಇದೇ: ಎಲ್‌ಎಕ್ಸ್‌ಎಂಎಲ್ ನಿಂತಿರುವ ಲಿಬ್‌ಎಕ್ಸ್‌ಎಂಎಲ್2ರ ಒಳಗಿನ ಕಾವಲನ್ನು ಅದು ಸಡಿಲಿಸುತ್ತದೆ. ನಿಮ್ಮ ಕೋಡಿನಲ್ಲಿ ಈ ಎರಡು ಆಯ್ಕೆಗಳನ್ನು ಇಂದೇ ಹುಡುಕಿ. ಸಿಕ್ಕಿದರೆ, ಅನುಪಾತದ ಸೊನ್ನೆಯ ಬದಲು ಹಂತ 2ರಲ್ಲಿ ಅಳೆದ ಅಂಕಿಯನ್ನು ಹಾಕಿ.

ಜಿಪ್ಪನ್ನು ನೀವೇ ಬಿಚ್ಚುವುದಾದರೆ ತಲೆಬರಹದಲ್ಲಿ ಬರೆದಿರುವ ಗಾತ್ರವನ್ನು ನೋಡಿ ಸಮಾಧಾನ ಪಡಬೇಡಿ. ಅದು ಕಡತ ಕಳಿಸಿದವನ ಹೇಳಿಕೆ ಮಾತ್ರ. ತುಣುಕು ತುಣುಕಾಗಿ ಬಿಚ್ಚುತ್ತಾ, ಬಂದ ಬೈಟುಗಳನ್ನು ಎಣಿಸುತ್ತಾ, ಮಿತಿ ಮುಟ್ಟಿದ ಕ್ಷಣ ನಿಲ್ಲಿಸಬೇಕು. ಪೂರ್ತಿ ಬಿಚ್ಚಿ ಆಮೇಲೆ ಗಾತ್ರ ನೋಡುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಹಂತ 4: ಪಾರ್ಸರನ್ನು ಬೇರೆ ಪ್ರೊಸೆಸ್‌ನಲ್ಲಿ ಕೂಡಿಹಾಕಿ

ಓದುಗರು ಒಂದೇ ಹಂತ ಪಾಲಿಸುವಷ್ಟು ಪುರುಸೊತ್ತಿನವರಾದರೆ ಇದನ್ನೇ ಪಾಲಿಸಲಿ. ಲೈಬ್ರರಿಯೊಳಗಿನ ಮಿತಿಗಳು ತಿಳಿದ ದೋಷಗಳಿಗೆ. ನಾಳೆ ಬಯಲಾಗುವ ದೋಷಕ್ಕೆ ಇರುವ ಉತ್ತರ ಇದೊಂದೇ: ಪಾರ್ಸರ್ ಹುಚ್ಚೆದ್ದರೂ ಆಪರೇಟಿಂಗ್ ಸಿಸ್ಟಂ ಅದನ್ನು ಹಿಡಿದು ಕೊಲ್ಲಬೇಕು, ಉಳಿದ ಸೇವೆಗೆ ಅದರ ಅರಿವೂ ಆಗಬಾರದು.

ಅದೇ ಪ್ರೊಸೆಸ್‌ನೊಳಗೆ ಇನ್ನೊಂದು ಥ್ರೆಡ್‌ನಲ್ಲಿ ಓಡಿಸಿ ಹತ್ತು ಸೆಕೆಂಡು ಕಾಯುತ್ತೇನೆ ಎನ್ನುವುದು ಸಾಮಾನ್ಯವಾಗಿ ಮೊದಲು ಹೊಳೆಯುವ ಉಪಾಯ. ಅದು ಕೆಲಸ ಮಾಡುವುದಿಲ್ಲ. ಹತ್ತು ಸೆಕೆಂಡಿನ ಮೇಲೆ ನೀವು ಕಾಯುವುದನ್ನು ಬಿಟ್ಟಿರಿ, ಥ್ರೆಡ್ ಓಡುವುದನ್ನು ಬಿಡಲಿಲ್ಲ. ಪೈಥಾನ್‌ನಲ್ಲಿ ಥ್ರೆಡ್ ಕೊಲ್ಲುವ ವಿಧಾನವೇ ಇಲ್ಲ. ಜಾವಾದಲ್ಲಿ ಇದ್ದ ಸ್ಟಾಪ್ ವಿಧಾನ ಹಿಂದಿನಿಂದಲೂ ಬಹಿಷ್ಕೃತ, ಜಾವಾ 20ರಿಂದ ಅದು ದೋಷವನ್ನಷ್ಟೇ ಎಸೆಯುತ್ತದೆ. ಪೈಥಾನ್‌ನ ಅಲಾರಂ ಸಂಕೇತವೂ ನಂಬಿಕಸ್ತನಲ್ಲ: ನಿಯಂತ್ರಣ ಸಿ ಲೈಬ್ರರಿಯೊಳಗೆ ಸಿಕ್ಕಿಕೊಂಡಿದ್ದರೆ, ಅದು ಹೊರಬರುವವರೆಗೆ ನಿಮ್ಮ ಅಲಾರಂ ಕೋಡ್ ಓಡುವುದೇ ಇಲ್ಲ.

ಆದ್ದರಿಂದ ಪ್ರತಿ ಕಡತಕ್ಕೂ, ಅಥವಾ ಕೆಲವು ಹತ್ತು ಕಡತಗಳ ಕಂತಿಗೆ, ಒಂದು ಮಗು ಪ್ರೊಸೆಸ್. ಕಡತ ಒಳಗೆ, ಪಠ್ಯ ಹೊರಗೆ, ನಡುವೆ ಮಾತುಕತೆಯಿಲ್ಲ. ಹಾಕಬೇಕಾದ ಬೇಲಿಗಳು ಹೀಗಿವೆ.

ಸಮಯಕ್ಕೆ ಎರಡು ಬೇಲಿ ಬೇಕು. ಲಿನಕ್ಸ್‌ನ ಸಿಪಿಯು ಸಮಯದ ಆರ್‌ಲಿಮಿಟ್ (ಪ್ರೊಸೆಸ್‌ಗೆ ಸಿಸ್ಟಂ ಹಾಕುವ ಮಿತಿ) ಸುಮ್ಮನೆ ಮಲಗಿದ ಪ್ರೊಸೆಸ್ಸನ್ನು ಎಣಿಸುವುದಿಲ್ಲ, ಹಾಗಾಗಿ ಗೋಡೆ ಗಡಿಯಾರದ ಮಿತಿಯೂ ಇರಲಿ. ಟೈಮ್‌ಔಟ್ ಆದೇಶ ಇದಕ್ಕೆ ಸಾಕು. ಮೊದಲು ಸೌಮ್ಯವಾಗಿ ಹೇಳಿ, ಕೇಳದಿದ್ದರೆ ಕೊಲ್ಲು ಎಂಬ ಆಯ್ಕೆಯನ್ನೂ ಅದಕ್ಕೆ ಕೊಡಿ.

ಮೆಮೊರಿಗೆ ವಿಳಾಸ ವ್ಯಾಪ್ತಿಯ ಆರ್‌ಲಿಮಿಟ್ ಪೈಥಾನ್‌ಗೂ ಸಿ ತಂತ್ರಾಂಶಗಳಿಗೂ ಹೊಂದುತ್ತದೆ. ಜಾವಾ ಪ್ರೊಸೆಸ್‌ಗಳು ಬಳಸದ ವಿಳಾಸಗಳನ್ನೂ ಧಾರಾಳವಾಗಿ ಕಾದಿರಿಸುವುದರಿಂದ ಅಲ್ಲಿ ಅದು ಎಡವುತ್ತದೆ. ಹೀಪ್‌ನ ಗರಿಷ್ಠ ಮಿತಿಯ ಜೊತೆಗೆ, ಲಿನಕ್ಸ್ ಪ್ರೊಸೆಸ್‌ಗಳ ಗುಂಪಿಗೆ ಹಾಕುವ ಸಿಗ್ರೂಪ್ ಮಿತಿ ಹಾಕಿ. ಸಿಸ್ಟಂಡಿಯಲ್ಲಿ ಮೆಮೊರಿಮ್ಯಾಕ್ಸ್, ಡಾಕರ್‌ನಲ್ಲಿ ಮೆಮೊರಿ ಆಯ್ಕೆ. ಸ್ವಾಪನ್ನು (ಮೆಮೊರಿಯ ಬದಲು ಬಳಸುವ ಡಿಸ್ಕ್ ಜಾಗ) ಸೊನ್ನೆ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪ್ರೊಸೆಸ್ ಸಾಯುವ ಬದಲು ಡಿಸ್ಕನ್ನು ಉಜ್ಜುತ್ತಾ ಇಡೀ ಯಂತ್ರವನ್ನು ನಿಧಾನಗೊಳಿಸುತ್ತದೆ.

ಡಿಸ್ಕ್ ಎಲ್ಲರೂ ಬಿಡುವ ಬೇಲಿ. ಎಷ್ಟೋ ಲೈಬ್ರರಿಗಳು ದೊಡ್ಡ ದತ್ತಾಂಶವನ್ನು ತಾತ್ಕಾಲಿಕ ಕಡತಗಳಿಗೆ ಬರೆಯುತ್ತವೆ. ಮೆಮೊರಿ ಮಿತಿ ಹಾಕಿ ಗೆದ್ದೆನೆಂದುಕೊಂಡವರ ಟೆಂಪ್ ಕೋಶ ತುಂಬಿ, ಅದೇ ಡಿಸ್ಕಿನಲ್ಲಿದ್ದ ಡೇಟಾಬೇಸ್ ನಿಂತದ್ದನ್ನು ನೋಡಿದ್ದೇನೆ. ಪ್ರತಿ ಕೆಲಸಕ್ಕೂ ಗಾತ್ರ ನಿಗದಿಯಾದ ಪ್ರತ್ಯೇಕ ತಾತ್ಕಾಲಿಕ ಜಾಗ ಕೊಡಿ. ಹೊರಬರುವ ಪಠ್ಯವನ್ನೂ ಓದುವಾಗಲೇ ಎಣಿಸಿ. ಮಗುವನ್ನು 512 ಎಂಬಿಯಲ್ಲಿ ಕಟ್ಟಿಹಾಕಿ, ಅದು ಕಕ್ಕಿದ 5 ಜಿಬಿ ಪಠ್ಯವನ್ನು ತಾಯಿ ಪ್ರೊಸೆಸ್ ಮೆಮೊರಿಯಲ್ಲಿ ತುಂಬಿಕೊಂಡರೆ ಏನು ಬಂತು?

ಕೊಲ್ಲುವಾಗ ಕುಟುಂಬವನ್ನೇ ಕೊಲ್ಲಬೇಕು. ಲಿಬ್ರೆಆಫೀಸನ್ನು ಆದೇಶ ಸಾಲಿನಿಂದ ಓಡಿಸಿದರೆ ನೀವು ಕರೆದದ್ದು ಒಂದು ಸಣ್ಣ ಸ್ಕ್ರಿಪ್ಟ್. ನಿಜವಾದ ಕೆಲಸ ಮಾಡುವುದು ಅದರ ಮಗು. ಪೈಥಾನ್‌ನ ಸಬ್‌ಪ್ರೊಸೆಸ್‌ಗೆ ಸಮಯ ಮಿತಿ ಕೊಟ್ಟರೆ ಅದು ಸ್ಕ್ರಿಪ್ಟನ್ನು ಕೊಲ್ಲುತ್ತದೆ, ಮೊಮ್ಮಗ ಅನಾಥನಾಗಿ ಓಡುತ್ತಲೇ ಇರುತ್ತಾನೆ. ಹೊಸ ಸೆಷನ್‌ನಲ್ಲಿ ಆರಂಭಿಸಿ, ಇಡೀ ಪ್ರೊಸೆಸ್ ಗುಂಪಿಗೇ ಸಂಕೇತ ಕಳಿಸಿ.

ಕೊನೆಗೆ, ಸತ್ತ ಕಾರಣವನ್ನು ಬರೆದಿಡಿ. ಟೈಮ್‌ಔಟ್ ಆದೇಶ ಅವಧಿ ಮುಗಿದಾಗ ಸಾಮಾನ್ಯವಾಗಿ 124 ಎಂಬ ನಿರ್ಗಮನ ಸಂಖ್ಯೆ ಕೊಡುತ್ತದೆ. ಮೆಮೊರಿ ಮೀರಿ ಕೊಲ್ಲಲ್ಪಟ್ಟ ಕಂಟೇನರ್‌ನಲ್ಲಿ 137 ಕಾಣುತ್ತದೆ. ಈ ಎರಡು ಸಂಖ್ಯೆಗಳ ಏರಿಳಿತವೇ ನಿಮ್ಮ ಎಚ್ಚರಿಕೆಯ ಗಂಟೆ. ಇಷ್ಟೆಲ್ಲವನ್ನೂ ಕೈಯಾರೆ ಕಟ್ಟುವ ಉತ್ಸಾಹವಿಲ್ಲದ ಟಿಕಾ ಬಳಕೆದಾರರಿಗೆ ಒಂದು ಸಮಾಧಾನ: ಟಿಕಾ ಸರ್ವರ್ 2ನೇ ಸರಣಿಯಿಂದ ಪಾರ್ಸಿಂಗನ್ನು ಪ್ರತ್ಯೇಕ ಪ್ರೊಸೆಸ್‌ನಲ್ಲಿ ಓಡಿಸುತ್ತದೆ, ಅದು ಸಿಕ್ಕಿಬಿದ್ದರೆ ಕೊಂದು ಹೊಸದನ್ನು ಎಬ್ಬಿಸುತ್ತದೆ.

ಹಂತ 5: ಸರದಿಯಲ್ಲಿ ಅಡಗಿರುವ ವಿಷ

ಇಲ್ಲಿಯವರೆಗಿನದನ್ನೆಲ್ಲ ಮಾಡಿದ ಮೇಲೂ ನಮ್ಮ ಸೇವೆ ಇನ್ನೊಮ್ಮೆ ಬಿದ್ದಿತು, ಮತ್ತು ಆ ಸಲ ತಪ್ಪು ಯಾವ ಲೈಬ್ರರಿಯದ್ದೂ ಅಲ್ಲ. ಕಡತಗಳು ಒಂದು ಸರದಿಗೆ ಸೇರುತ್ತಿದ್ದವು, ಎಂಟು ವರ್ಕರ್‌ಗಳು ಅಲ್ಲಿಂದ ಎತ್ತಿಕೊಳ್ಳುತ್ತಿದ್ದವು. ವರ್ಕರ್ ಕೆಲಸ ಮುಗಿಯಿತೆಂದು ತಿಳಿಸದೆ ಸತ್ತರೆ ಸರದಿ ಆ ಕಡತವನ್ನು ಮುಂದಿನ ವರ್ಕರ್‌ಗೆ ಕೊಡುತ್ತದೆ. ಒಳ್ಳೆಯ ಗುಣವೇ. ಆದರೆ ಕಡತವೇ ವಿಷವಾಗಿದ್ದರೆ ಒಂದನೆಯದು ಸಾಯುತ್ತದೆ, ಎರಡನೆಯದು ಸಾಯುತ್ತದೆ, ಎಂಟನೆಯದೂ ಸಾಯುತ್ತದೆ. ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ಹಾಗೆ.

ಮೂರು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬೇಡ ಎಂಬ ನಿಯಮ ನಮ್ಮಲ್ಲೂ ಇತ್ತು. ಎಣಿಕೆಯನ್ನು ಏರಿಸುತ್ತಿದ್ದದ್ದು ದೋಷ ಹಿಡಿಯುವ ಭಾಗದಲ್ಲಿ. ಪ್ರೊಸೆಸ್ ಹಠಾತ್ತನೆ ಸತ್ತರೆ ಆ ಭಾಗ ಓಡುವುದೇ ಇಲ್ಲ, ಎಣಿಕೆ ಸೊನ್ನೆಯಲ್ಲೇ ಉಳಿಯುತ್ತದೆ. ಕೆಲಸ ಆರಂಭಿಸುವ ಮೊದಲೇ ಎಣಿಕೆ ಏರಿಸಿ ಡೇಟಾಬೇಸ್‌ಗೆ ಬರೆಯಿರಿ, ಯಶಸ್ವಿಯಾದರೆ ಅಳಿಸಿ. ಸಮಯ ಅಥವಾ ಮೆಮೊರಿ ಮೀರಿ ಸತ್ತ ಕಡತಕ್ಕೆ ಎರಡನೇ ಅವಕಾಶ ಸಾಕು, ನೆಟ್‌ವರ್ಕ್ ದೋಷಕ್ಕೆ ಕೊಡುವಷ್ಟು ಔದಾರ್ಯ ಇಲ್ಲಿ ಬೇಡ. ಸೋತವು ಬೇರೆ ಸರದಿಗೆ ಹೋಗಿ ಬೀಳಲಿ, ದಿನಕ್ಕೊಮ್ಮೆ ಮನುಷ್ಯರು ನೋಡಲಿ.

ಕೆಟ್ಟ ಕಡತದ ಹ್ಯಾಶ್ (ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚು) ಇಟ್ಟುಕೊಂಡು ಮತ್ತೆ ಬಂದರೆ ತಡೆಯುವುದು ಆಕಸ್ಮಿಕ ಪುನರಾವರ್ತನೆಗೆ ಒಳ್ಳೆಯದು. ಬೇಕೆಂದೇ ಕಳಿಸುವವನು ಒಂದು ಬೈಟ್ ಬದಲಿಸಿದರೆ ಹ್ಯಾಶ್ ಬದಲಾಯಿತು. ಅವನಿಗೆ ಮದ್ದೆಂದರೆ ಬಳಕೆದಾರನೊಬ್ಬನಿಗೆ ಏಕಕಾಲಕ್ಕೆ ಒಂದೋ ಎರಡೋ ಕೆಲಸ, ಗಂಟೆಗೆ ಇಷ್ಟೇ ಸೆಕೆಂಡು ಸಿಪಿಯು ಎಂಬ ಪಡಿತರ.

ಹಂತ 6: ನಿಮ್ಮ ಮನೆಗೆ ನೀವೇ ಕನ್ನ ಹಾಕಿ

ನಿಮ್ಮದೇ ಯಂತ್ರದಲ್ಲಿ, ಅಥವಾ ಬರಹದಲ್ಲಿ ಅನುಮತಿ ಪಡೆದ ಯಂತ್ರದಲ್ಲಿ ಮಾತ್ರ. ಬೇರೆಯವರ ಸೇವೆಗೆ ಪರೀಕ್ಷೆಗೆಂದು ಒಂದು ಜಿಪ್ ಬಾಂಬ್ ಕಳಿಸಿದರೂ ಅದು ದಾಳಿಯೇ.

ಅತ್ಯಂತ ಸುಲಭವೂ ಫಲದಾಯಕವೂ ಆದ ಪರೀಕ್ಷೆ ದ್ವಿಗುಣಗೊಳಿಸುವುದು. ದಾಖಲೆಯ ಒಂದು ಗುಣವನ್ನು ಆರಿಸಿ: ಆವರಣಗಳ ಆಳ, ಒಂದೇ ಸಾಲಿನ ಉದ್ದ, ಕೊಂಡಿಗಳ ಸಂಖ್ಯೆ, ಮುಚ್ಚದ ನಕ್ಷತ್ರ ಚಿಹ್ನೆಗಳು. 1000, 2000, 4000, 8000 ಎಂದು ಏರಿಸುತ್ತಾ ಸಮಯ ಬರೆದುಕೊಳ್ಳಿ. ಪ್ರತಿ ಸಲ ಸಮಯ ಎರಡು ಪಟ್ಟಾದರೆ ಚಿಂತೆಯಿಲ್ಲ. ನಾಲ್ಕು ಪಟ್ಟಾದರೆ ವರ್ಗದ ಲೆಕ್ಕ, ಎಂಟಾದರೆ ಘನದ್ದು. ಮಾರ್ಕ್‌ಡೌನ್ ಪಾರ್ಸರ್‌ಗಳಲ್ಲಿ ಈ ಕಾಯಿಲೆ ಎಷ್ಟು ಸಾಮಾನ್ಯವೆಂದು ನೋಡಿ ನಾನೇ ಬೆರಗಾಗಿದ್ದೇನೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಕಾರಣವಾಗಿದ್ದರೆ, ಸಾಧ್ಯವಿರುವಲ್ಲಿ ಹಿಂದಕ್ಕೆ ಹೊರಳದೆ ಓದುವ ಆರ್‌ಇ2ರಂಥ ಎಂಜಿನ್‌ಗೆ ಬದಲಿಸಿ.

ಮುಂದಿನ ಮೆಟ್ಟಿಲು ಫಝಿಂಗ್: ಯಾದೃಚ್ಛಿಕವಾಗಿ ಕೆಡಿಸಿದ ಕಡತಗಳನ್ನು ಲಕ್ಷಗಟ್ಟಲೆ ತಿನ್ನಿಸುವುದು. ಸಿ ಭಾಷೆಗೆ ಲಿಬ್‌ಫಝರ್, ಜಾವಾಕ್ಕೆ ಜಾಝರ್, ಪೈಥಾನ್‌ಗೆ ಎಥೆರಿಸ್. ಲಿಬ್‌ಫಝರ್ ಒಂದು ಕಡತಕ್ಕೆ ಡೀಫಾಲ್ಟ್ ಆಗಿ 1200 ಸೆಕೆಂಡು ಕಾಯುತ್ತದೆ. ನಮ್ಮ ಉದ್ದೇಶಕ್ಕೆ ಅದು ಅತಿಯಾಯಿತು; ಐದು ಸೆಕೆಂಡಿಗೆ ಇಳಿಸಿ. ಗೂಗಲ್ 2016ರಲ್ಲಿ ಆರಂಭಿಸಿದ ಓಎಸ್‌ಎಸ್-ಫಝ್ ಅನೇಕ ಮುಕ್ತ ಲೈಬ್ರರಿಗಳನ್ನು ನಿರಂತರವಾಗಿ ಹೀಗೆ ಪರೀಕ್ಷಿಸುತ್ತಿದೆ. ಲೈಬ್ರರಿ ಆರಿಸುವಾಗ ಅದು ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದು, ಗಿಟ್‌ಹಬ್‌ನ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಉಪಯುಕ್ತ.

ಸಿಕ್ಕ ಪ್ರತಿ ಕೆಟ್ಟ ಕಡತವನ್ನೂ ಪರೀಕ್ಷಾ ಸಂಗ್ರಹಕ್ಕೆ ಸೇರಿಸಿ. ಪ್ರತಿ ಬಿಡುಗಡೆಗೂ ಮುನ್ನ ಅವೆಲ್ಲವನ್ನೂ ಓಡಿಸಿ, ಎರಡು ಸಂಗತಿ ನೋಡಿ: ಕಡತ ಮಿತಿಯೊಳಗೆ ತಿರಸ್ಕೃತವಾಯಿತೇ, ಆ ಹೊತ್ತಿನಲ್ಲಿ ಪಕ್ಕದ ಸಾಚಾ ಕಡತ ಎಂದಿನ ವೇಗದಲ್ಲಿ ಮುಗಿಯಿತೇ. ಎರಡನೆಯದನ್ನು ಬಹುತೇಕರು ನೋಡುವುದಿಲ್ಲ, ಆದರೆ ಸೇವಾ ನಿರಾಕರಣೆ ಎಂದರೆ ಅದೇ ತಾನೆ?

ಹಂತ 7: ಸೂಚನೆಗಳನ್ನು ಓದುವುದು, ದೋಷ ಸಿಕ್ಕರೆ ತಿಳಿಸುವುದು

ಪಾರ್ಸರ್‌ನ ಸೇವಾ ನಿರಾಕರಣೆ ದೋಷಗಳಿಗೆ ಸಿವಿಎಸ್‌ಎಸ್ ಅಂಕ (ದೋಷ ಹತ್ತಕ್ಕೆ ಎಷ್ಟು ಗಂಭೀರ ಎಂಬ ಅಳತೆ) ಪದೇ ಪದೇ 7.5 ಬಂದಿರುವುದನ್ನು ಕಾಣುತ್ತೀರಿ. ಜಾಲದ ಮೂಲಕ ತಲುಪಬಹುದು, ಲಾಗಿನ್ ಬೇಡ, ಮಾಹಿತಿ ಸೋರುವುದಿಲ್ಲ, ಲಭ್ಯತೆ ಪೂರ್ತಿ ಹೋಗುತ್ತದೆ ಎಂಬ ಆಯ್ಕೆಗಳನ್ನು ತುಂಬಿದರೆ ಸೂತ್ರ ಕೊಡುವ ಅಂಕ ಅದು. ನಿಮ್ಮ ಪರಿಸ್ಥಿತಿಗೆ ಅದು ಹೊಂದಬೇಕೆಂದಿಲ್ಲ. ಹಂತ 4 ಮುಗಿಸಿದವರಿಗೆ ಅಂಥ ಹಲವು ದೋಷಗಳು ವಾರಾಂತ್ಯದವರೆಗೆ ಕಾಯಬಲ್ಲ ಕೆಲಸ. ಮುಗಿಸದವರಿಗೆ ಅಂದಿನ ರಾತ್ರಿಯ ನಿದ್ದೆ ಹೋದಂತೆ. ಸೂಚನೆ ಓದುವಾಗ ಅಂಕಕ್ಕಿಂತ ಮೊದಲು ದೋಷವಿರುವ ಕಾರ್ಯವನ್ನು ನೋಡಿ. ನೀವು ಪಠ್ಯವನ್ನಷ್ಟೇ ತೆಗೆಯುತ್ತಿದ್ದು, ದೋಷ ಸಹಿ ಪರಿಶೀಲನೆಯ ಭಾಗದಲ್ಲಿದ್ದರೆ ಅದು ನಿಮ್ಮನ್ನು ಮುಟ್ಟದೇ ಇರಬಹುದು.

ಹೊಸ ದೋಷ ನಿಮಗೇ ಸಿಕ್ಕಿತೆನ್ನಿ. ಬಹಿರಂಗವಾಗಿ ಬರೆಯುವ ಮೊದಲು ಯೋಜನೆಯ ಸೆಕ್ಯುರಿಟಿ ಕಡತದಲ್ಲಿ ಯಾರಿಗೆ, ಹೇಗೆ ತಿಳಿಸಬೇಕೆಂದು ನೋಡಿ. ಕಡತವನ್ನು ಸಾಧ್ಯವಾದಷ್ಟು ಚಿಕ್ಕದಾಗಿಸಿ. ಗ್ರಾಹಕರ ದಾಖಲೆಯನ್ನು ಹಾಗೇ ಲಗತ್ತಿಸುವ ಅವಿವೇಕ ಬೇಡ. ಆವೃತ್ತಿ, ಕರೆದ ಕಾರ್ಯ, ದ್ವಿಗುಣ ಪರೀಕ್ಷೆಯ ನಾಲ್ಕು ಅಂಕಿಗಳು, ಸಿಕ್ಕಿಬಿದ್ದಾಗಿನ ಸ್ಟ್ಯಾಕ್ ಇಷ್ಟಿದ್ದರೆ ಸಾಕು. ಪರಿಹಾರದ ಕೋಡ್ ಜೊತೆಗಿದ್ದರೆ ಬಂಗಾರ.

ಗಡುವು ವಿಧಿಸುವ ಮುನ್ನ ಆ ಬದಿಯಲ್ಲಿ ಯಾರಿದ್ದಾರೆಂದು ಯೋಚಿಸಿ. ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ನಿಂತಿರುವ ಲಿಬ್‌ಎಕ್ಸ್‌ಎಂಎಲ್2ರ ನಿರ್ವಾಹಕರು, ಸಂಬಳವಿಲ್ಲದೆ ವಾರಕ್ಕೆ ಹಲವು ಗಂಟೆ ಭದ್ರತಾ ವರದಿಗಳಿಗೇ ಹೋಗುತ್ತಿದೆ, ಇನ್ನು ಮುಂದೆ ಅವನ್ನೂ ಮಾಮೂಲಿ ದೋಷಗಳಂತೆಯೇ ನೋಡುತ್ತೇನೆ, ಗೌಪ್ಯತೆಯ ಗಡುವುಗಳನ್ನು ಪಾಲಿಸುವುದಿಲ್ಲ ಎಂದು 2025ರಲ್ಲಿ ಬಹಿರಂಗವಾಗಿಯೇ ಹೇಳಿದರು. ನಾನು ಆ ಸ್ಕ್ಯಾನರ್‌ನ ಪಿಡಿಎಫ್ ಬಗ್ಗೆ ವರದಿ ಬರೆದಾಗ ಗಡುವಿನ ಸಾಲನ್ನು ಅಳಿಸಿ, ಆ ಜಾಗದಲ್ಲಿ ಮೂರು ಸಾಲಿನ ಪರಿಹಾರವನ್ನೂ ಅದನ್ನು ಪರೀಕ್ಷಿಸುವ ಪುಟ್ಟ ಕಡತವನ್ನೂ ಇಟ್ಟೆ. ನಾಲ್ಕು ದಿನಕ್ಕೆ ಹೊಸ ಆವೃತ್ತಿ ಬಂತು.